ಈಗಿನ ಗೇಮ್‌ಗಳು ಖರೇನ ಕೆಟ್ಟಾವೇನು? ಎಂಟು ಸಿಸ್ಟಮ್‌ನ ಸೆಂಟರಿಗೆ ಹಳೇವು ಹಾಕ್ಲೋ, ಹೊಸವು ಹಾಕ್ಲೋ?

ತೊಗರಿ_ಕಣಜ, ಕಲಬುರಗಿ

ಶರಣ್ರೀ ಎಲ್ಲಾರಿಗೂ.

ಕಲಬುರಗಿ ಒಳಗ ಇಂಜಿನಿಯರಿಂಗ್ ಹುಡುಗ್ರು ಹೆಚ್ಚು ಓಡಾಡೋ ಕಡಿ ಒಂದು ಸಣ್ಣ ಗೇಮಿಂಗ್ ಸೆಂಟರ್ ಸುರು ಮಾಡ್ಲಾಕ ಹತ್ತೀವಿ. ಎಂಟು ಸಿಸ್ಟಮ್, ಎಲ್ಲಾ ಒಂದೇ ನಮೂನಿ: ಐ5 10400ಎಫ್, 16 ಜಿಬಿ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1650 ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, 1080ಪಿ ಮಾನಿಟರ್, ವಿಂಡೋಸ್ 11. ನೆಟ್ 40 ಎಂಬಿಪಿಎಸ್.

ಬಂದು ನೋಡಿದವ್ರೆಲ್ಲಾ ಒಂದೇ ಮಾತು ಹೇಳ್ತಾರ: ಕೌಂಟರ್ ಸ್ಟ್ರೈಕ್ 1.6, ಏಜ್ ಆಫ್ ಎಂಪೈರ್ಸ್ 2, ವೈಸ್ ಸಿಟಿ, ಮೋಸ್ಟ್ ವಾಂಟೆಡ್ ಹಾಕ್ರಿ, ಹೊಸವು ಬರೇ ಗ್ರಾಫಿಕ್ಸ್, ಒಳಗ ಏನಿಲ್ಲ ಅಂತ. ಇದು ಸಣ್ಣವರಿದ್ದಾಗ ಆಡಿದ ನೆನಪಿನ ಮಾತೋ, ಖರೇನ ಗುಣಮಟ್ಟ ಇಳದದೋ? ಇಳದಿದ್ರ ಯಾವುದ್ರಾಗ ಇಳದದ, ಯಾಕ ಇಳದದ? ಗೊತ್ತಿದ್ದವ್ರು ಕಾರಣ ಹಿಡಿದು ಬಿಡಿಸಿ ಹೇಳ್ರಿ. ಬ್ಯಾಸಗಿ ಬಿಸಿಲು, ಕರೆಂಟ್ ಹೋಗೋದು, ಇವನ್ನೂ ಲೆಕ್ಕಕ್ಕ ಹಿಡೀರಿ.

ಬೀದರ್_ಬುರುಜು

ತೊಗರಿ ಕಣಜ ಅವರೇ, ನನ್ನ ಅಭಿಪ್ರಾಯ ನೇರವಾಗಿಯೇ ಹೇಳ್ತೀನಿ. ಆಟ ಮಾಡುವ ಕಸುಬು ಕುಸಿದಿಲ್ಲ. ಕುಸಿದಿರುವುದು ಬಿಡುಗಡೆಯ ದಿನ ಆಟ ಯಾವ ಸ್ಥಿತಿಯಲ್ಲಿ ಕೈಗೆ ಬರುತ್ತದೆ ಅನ್ನುವುದು, ಮತ್ತು ರೊಕ್ಕ ಕೊಟ್ಟ ಮೇಲೆ ಅದರ ಮೇಲೆ ನಮಗೆ ಎಷ್ಟು ಹಿಡಿತ ಉಳಿಯುತ್ತದೆ ಅನ್ನುವುದು. ನಿಮ್ಮಂಥ ಸೆಂಟರಿಗೆ ಎರಡನೆಯದು ಭಾಳ ಮುಖ್ಯ.

ಮೊದಲನೆಯದು ನೋಡಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಆಟ 40 ಕೆಬಿ. ಕ್ಯಾಸೆಟ್‌ನ ಚಿಪ್ ಒಮ್ಮೆ ತಯಾರಾಯಿತು ಅಂದರೆ ಒಳಗಿನ ತಪ್ಪು ತಿದ್ದಲು ದಾರಿಯೇ ಇಲ್ಲ. ಸಿಡಿ ಕಾಲಕ್ಕೆ ಪ್ಯಾಚ್ (ತಪ್ಪು ತಿದ್ದುವ ಫೈಲ್) ಬಂದವು, ಆದರೆ ಅದನ್ನು ಇಳಿಸಿಕೊಳ್ಳುವ ನೆಟ್ ಹೆಚ್ಚಿನವರ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಡಿಸ್ಕ್‌ನಲ್ಲಿ ಹೋದದ್ದೇ ಕೊನೆ ಅಂದುಕೊಂಡು ಪರೀಕ್ಷೆ ಮಾಡಿಯೇ ಕಳಿಸಬೇಕಿತ್ತು. ಈಗ ತಿದ್ದುವುದು ಸುಲಭವಾಯಿತು, ಅದರ ಜೊತೆ ಅರೆಬೆಂದದ್ದನ್ನು ಮಾರುವುದೂ ಸುಲಭವಾಯಿತು. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ಹಳೆಯ ಪಿಎಸ್4ನಲ್ಲಿ ಅದು ಎಷ್ಟು ಎಡವಿತು ಅಂದರೆ, ಹತ್ತು ದಿನ ತುಂಬುವ ಮೊದಲೇ ಸೋನಿ ತನ್ನ ಅಂಗಡಿಯಿಂದ ತೆಗೆದು ಹಾಕಿತು. ಮರಳಿ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಆದ ಮೇಲೆ ಅದೇ ಆಟವನ್ನು ನಾನು ಧಾರಾಳವಾಗಿ ಹೊಗಳುತ್ತೇನೆ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ದ ಲಾಸ್ಟ್ ಆಫ್ ಅಸ್ ಪಾರ್ಟ್ 1 ಕೂಡ ಇದೇ ಹಾದಿ ಹಿಡಿಯಿತು: ಮೊದಲ ವಾರಗಳಲ್ಲಿ 8 ಜಿಬಿ ಕಾರ್ಡ್‌ಗಳೂ ಒದ್ದಾಡಿದವು, ಆಮೇಲಿನ ಪ್ಯಾಚ್‌ಗಳಲ್ಲಿ ಸುಧಾರಿಸಿತು. ಸೆಂಟರಿಗೆ ಕೊಳ್ಳುವಾಗ ಬಿಡುಗಡೆಯಾಗಿ ಒಂದು ವರ್ಷ ದಾಟಿದ ಆಟಗಳನ್ನೇ ಕೊಳ್ಳಿ. ಬೆಲೆಯೂ ಇಳಿದಿರುತ್ತದೆ, ಆಟವೂ ಪೂರ್ತಿಯಾಗಿರುತ್ತದೆ.

ಎರಡನೆಯದು ಹಿಡಿತ. ಕೌಂಟರ್ ಸ್ಟ್ರೈಕ್ 1.6ಕ್ಕೆ ಎಂಟು ಸಿಸ್ಟಮ್, ಒಂದು ಸ್ವಿಚ್, ಕೇಬಲ್ ಇಷ್ಟೇ ಸಾಕು. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಲ್ಯಾನ್ (ಹೊರಗಿನ ನೆಟ್ ಇಲ್ಲದೆ ಕೇಬಲ್‌ನಿಂದಲೇ ಒಟ್ಟಿಗೆ ಆಡುವುದು) ಇತ್ತು, 2010ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2ರಲ್ಲಿ ತೆಗೆದರು. 2009ರ ಮಾಡರ್ನ್ ವಾರ್‌ಫೇರ್ 2 ಪಿಸಿಯಲ್ಲಿ ಡೆಡಿಕೇಟೆಡ್ ಸರ್ವರ್ (ಆಟಗಾರರೇ ನಡೆಸಬಹುದಾದ ಪ್ರತ್ಯೇಕ ಸರ್ವರ್) ಕೈಬಿಟ್ಟಿತು. 2012ರ ಮೇನಲ್ಲಿ ಡಯಾಬ್ಲೊ 3 ಬಂದಾಗ ಒಬ್ಬರೇ ಆಡುವುದಕ್ಕೂ ಕಂಪನಿಯ ಸರ್ವರ್ ಬೇಕಾಯಿತು, ಮೊದಲ ದಿನ ಜನ ಲಾಗಿನ್ ಪರದೆಯ ಮುಂದೆ ‘ಎರರ್ 37’ ನೋಡುತ್ತಾ ಕೂತರು. 2014ರ ದ ಕ್ರೂ ಕಾರ್ ರೇಸಿನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಡಿಸ್ಕ್ ಕೈಯಲ್ಲಿದ್ದರೂ ಕಂಪನಿಯ ಕಡೆಯಿಂದ ಅದನ್ನು ಆಡಲು ದಾರಿ ಉಳಿಯಲಿಲ್ಲ. ಈ ವಿಷಯದಲ್ಲಿ ನಿಮ್ಮ ಗಿರಾಕಿಗಳು ಹೇಳುವುದು ನೂರಕ್ಕೆ ನೂರು ಸರಿ.

ಆಟಗಾರರೇ ಮ್ಯಾಪ್ ಮಾಡಿಕೊಳ್ಳುವ ಎಡಿಟರ್‌ಗಳದ್ದೂ ಅದೇ ಕಥೆ. ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ 1998ರ ಹಾಫ್ ಲೈಫ್‌ನ ಮೇಲೆ ಆಟಗಾರರು ಮಾಡಿದ ಮಾಡ್ (ಮೂಲ ಆಟವನ್ನು ಬದಲಿಸಿದ ಆವೃತ್ತಿ) ಆಗಿ. ಡೋಟಾ ಹುಟ್ಟಿದ್ದು ವಾರ್‌ಕ್ರಾಫ್ಟ್ 3ರ ಮ್ಯಾಪ್ ಎಡಿಟರ್‌ನಲ್ಲಿ. 1999ರ ಏಜ್ ಆಫ್ ಎಂಪೈರ್ಸ್ 2ರ ಸಿನಾರಿಯೊ ಎಡಿಟರ್ ತೆಗೆದರೆ ನಮ್ಮ ಬೀದರ್ ಕೋಟೆಯ ಮೂರು ಸಾಲಿನ ಕಂದಕವನ್ನೇ ಕೊರೆಯಬಹುದು: ಗೋಡೆಯ ಹೊರಗೆ ಎರಡು ಟೈಲ್ (ಮ್ಯಾಪಿನ ಚೌಕ) ನೀರು, ಒಂದು ಟೈಲ್ ನೆಲ, ಮತ್ತೆ ನೀರು, ಹೀಗೆ ಮೂರು ಸಲ, ದ್ವಾರದ ಎದುರಿಗೆ ಮಾತ್ರ ಶ್ಯಾಲೋ (ನಡೆದು ದಾಟಬಹುದಾದ ಆಳವಿಲ್ಲದ ನೀರು) ಹಾಕಿದರೆ ಕಾಲಾಳು ದಾಟುವುದಕ್ಕೆ ಒಂದೇ ಜಾಗ ಉಳಿಯುತ್ತದೆ. ಆ ಜಾಗದ ಮೇಲೆ ಎರಡು ಬುರುಜು ನಿಲ್ಲಿಸಿದರೆ ಟ್ರೆಬುಶೆ (ಕಲ್ಲು ಎಸೆಯುವ ದೊಡ್ಡ ಯಂತ್ರ) ಇಲ್ಲದೆ ಒಳಗೆ ನುಗ್ಗುವುದು ಕಷ್ಟ. ಈಗಿನ ದೊಡ್ಡ ಆನ್‌ಲೈನ್ ಶೂಟರ್‌ಗಳಲ್ಲಿ ಇಂಥ ಎಡಿಟರ್ ಕಡಿಮೆ, ಯಾಕೆಂದರೆ ಸ್ಕಿನ್ (ಪಾತ್ರ, ಬಂದೂಕಿನ ಹೊರರೂಪ), ಮ್ಯಾಪ್‌ಗಳೇ ಅವರ ಮಾರಾಟದ ಸರಕು. 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ಲೂಟ್ ಬಾಕ್ಸ್‌ಗಳ (ತೆರೆಯುವವರೆಗೆ ಒಳಗೇನಿದೆ ಅಂತ ಗೊತ್ತಾಗದ ಪೆಟ್ಟಿಗೆಗಳು) ಗದ್ದಲವಾಯಿತು. ಮರುವರ್ಷ ಬೆಲ್ಜಿಯಂ ದುಡ್ಡು ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್ ಜೂಜು ಅಂತ ತೀರ್ಮಾನಿಸಿತು.

ಕಸುಬಿನ ಮಾತಿಗೆ ಬಂದರೆ ಎಲ್ಡನ್ ರಿಂಗ್ (2022), ಬಾಲ್ಡರ್ಸ್ ಗೇಟ್ 3 (2023) ಯಾವ ಕಾಲದ ಆಟದ ಪಕ್ಕದಲ್ಲಿ ಇಟ್ಟರೂ ನಿಲ್ಲುತ್ತವೆ. ಸ್ಟಾರ್‌ಡ್ಯೂ ವ್ಯಾಲಿಯನ್ನು (2016) ಒಬ್ಬನೇ ಕೂತು ಮಾಡಿದ್ದು, ಹಾಲೋ ನೈಟ್ (2017) ಬೆರಳೆಣಿಕೆಯ ಜನರದ್ದು. ಏಜ್ ಆಫ್ ಎಂಪೈರ್ಸ್ 2ಕ್ಕೇ 2019ರ ಡೆಫಿನಿಟಿವ್ ಎಡಿಷನ್ ಬಂತು. 2022ರ ಏಪ್ರಿಲ್‌ನ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ದ್ರಾವಿಡರನ್ನು ಪ್ರತ್ಯೇಕ ನಾಗರಿಕತೆ ಮಾಡಿ ಉರುಮಿ ಕತ್ತಿಯವರನ್ನೂ, ತಿರಿಸಡೈ ಹಡಗನ್ನೂ, ರಾಜೇಂದ್ರ ಚೋಳನ ದಂಡಯಾತ್ರೆಯನ್ನೂ ಕೊಟ್ಟರು. ಹಳೆಯ ಆಟದ ಮೇಲೆ ಹೊಸಬರು ಇಷ್ಟು ಅಕ್ಕರೆಯಿಂದ ದುಡಿದಿರುವುದನ್ನು ನೋಡಿದರೆ, ಎಲ್ಲಾ ಕೆಟ್ಟುಹೋಯಿತು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಫ್ರೇಮ್_ಲೆಕ್ಕ, ಕಲಬುರಗಿ

‘ಬರೇ ಗ್ರಾಫಿಕ್ಸ್’ ಅನ್ನುವವರಿಗೆ ಒಂದು ಮಾತು: 1650 ಕಾರ್ಡ್, 1080ಪಿ ಮಾನಿಟರ್‌ನಲ್ಲಿ ಹೊಸ ಆಟ ಎಷ್ಟೋ ಸಲ ಹಳೆಯದಕ್ಕಿಂತ ಮಂಜು ಮಂಜಾಗಿ ಕಾಣುತ್ತದೆ. ಅದಕ್ಕೆ ಕಾರಣ ಟಿಎಎ. ಹಿಂದಿನ ಕೆಲವು ಫ್ರೇಮ್‌ಗಳನ್ನು ಈಗಿನ ಫ್ರೇಮ್ ಜೊತೆ ಬೆರೆಸಿ ಅಂಚುಗಳನ್ನು ನಯ ಮಾಡುವ ವಿಧಾನ ಅದು. 4ಕೆ ಪರದೆಯಲ್ಲಿ ಪಿಕ್ಸೆಲ್ ಸಾಕಷ್ಟು ಇರುವುದರಿಂದ ತೊಂದರೆ ಎದ್ದು ಕಾಣುವುದಿಲ್ಲ. 1080ಪಿಯಲ್ಲಿ ತಂತಿ, ಕೂದಲು, ದೂರದ ಎಲೆ ಎಲ್ಲಾ ಕದಲಿದ ಕೂಡಲೇ ಕಲಸಿಹೋಗುತ್ತವೆ. ಹಳೆಯ ಆಟಗಳಲ್ಲಿದ್ದ ಎಂಎಸ್‌ಎಎ ಅನ್ನುವ ವಿಧಾನ ಅಂಚನ್ನಷ್ಟೇ ಮುಟ್ಟುತ್ತಿತ್ತು, ಓಡುವಾಗಲೂ ಚಿತ್ರ ಚೂಪಾಗಿರುತ್ತಿತ್ತು. ಪರೀಕ್ಷಿಸಬೇಕಾದರೆ ಆಟದಲ್ಲಿ ದೂರದ ಕರೆಂಟ್ ತಂತಿ ನೋಡುತ್ತಾ ಮೌಸ್ ನಿಧಾನ ತಿರುಗಿಸಿ. ತಿರುಗುವಾಗ ಮಸುಕಾಗಿ, ನಿಂತಾಗ ಸ್ಪಷ್ಟವಾದರೆ ಟಿಎಎ ಕೆಲಸವೇ. ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಷನ್ ಮೂರನ್ನೂ ಆಫ್ ಮಾಡಿ, ಶಾರ್ಪನಿಂಗ್ ಅನ್ನು 30ರಿಂದ 50ರ ಮಧ್ಯೆ ಇಡಿ. ಅದಕ್ಕಿಂತ ಮೇಲೆ ಹೋದರೆ ಅಂಚಿಗೆ ಬಿಳಿ ಗೆರೆ ಬರುತ್ತದೆ.

ಚಿತ್ರವನ್ನು ಚಿಕ್ಕದಾಗಿ ಬರೆದು ಪರದೆಗೆ ಹಿಗ್ಗಿಸುವ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡ್ ಬೇಕು, ನಿಮ್ಮ ಕಾರ್ಡಿಗೆ ಅಂಥದ್ದೇ ಕೆಲಸ ಮಾಡುವ ಎಫ್‌ಎಸ್‌ಆರ್ ಸಿಗುತ್ತದೆ. ಅದರ ಕ್ವಾಲಿಟಿ ಮೋಡ್ ಒಳಗೆ 1280×720ರಲ್ಲಿ ಚಿತ್ರ ಬರೆದು ಹಿಗ್ಗಿಸುತ್ತದೆ. ಪರ್ಫಾಮೆನ್ಸ್ ಮೋಡ್ 960×540ಕ್ಕೆ ಇಳಿಯುತ್ತದೆ, ಅಲ್ಲಿ ಮುಖ ಚಹರೆಯೇ ಉಳಿಯುವುದಿಲ್ಲ. ಕ್ವಾಲಿಟಿಗಿಂತ ಕೆಳಗೆ ಇಳಿಸಲೇಬೇಡಿ. ಅಲ್ಲಿಯೂ ಸೆಕೆಂಡಿಗೆ 45 ಫ್ರೇಮ್ ಬರದಿದ್ದರೆ ಆ ಆಟ ಈ ಕಾರ್ಡಿಗೆ ಅಲ್ಲ ಅಂತ ಬಿಟ್ಟುಬಿಡಿ.

ಜರ್ಕ್‌ಗೆ ಎರಡು ಬೇರೆ ಬೇರೆ ಕಾರಣಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು, ಕಾರ್ಡಿನ ಸ್ವಂತ ಮೆಮೊರಿಯಾದ 4 ಜಿಬಿ ವಿರ್‍ಯಾಮ್ ತುಂಬಿದರೆ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ಸಿಸ್ಟಮ್ ರ್‍ಯಾಮ್‌ಗೆ ಉಕ್ಕುತ್ತವೆ, ಅಲ್ಲಿಂದ ಓಡಿಬರುವಷ್ಟರಲ್ಲಿ ಆಟ ತಡವರಿಸುತ್ತದೆ. ಟೆಕ್ಸ್ಚರ್ ಒಂದನ್ನೇ ಮೀಡಿಯಮ್‌ಗೆ ಇಳಿಸಿ, ಬಳಕೆ 3.5 ಜಿಬಿ ದಾಟದಂತೆ ನೋಡಿಕೊಂಡರೆ ಸಾಕು, ಉಳಿದ ಸೆಟ್ಟಿಂಗ್ ಎಲ್ಲಾ ಇಳಿಸಬೇಕಿಲ್ಲ. ಇನ್ನೊಂದು, ಡೈರೆಕ್ಟ್‌ಎಕ್ಸ್ 12ರ ಆಟಗಳಲ್ಲಿ ಶೇಡರ್‌ಗಳನ್ನು (ಬೆಳಕು, ಬಣ್ಣ ಬರೆಯುವ ಸಣ್ಣ ಪ್ರೋಗ್ರಾಮ್‌ಗಳು) ನಿಮ್ಮ ಕಾರ್ಡಿಗೆ ತಕ್ಕಂತೆ ನಿಮ್ಮ ಸಿಸ್ಟಮ್‌ನಲ್ಲೇ ತಯಾರಿಸಬೇಕು. ಹೊಸ ಜಾಗಕ್ಕೆ ಕಾಲಿಟ್ಟಾಗ, ಹೊಸ ಬಂದೂಕು ಮೊದಲ ಸಲ ಸಿಡಿದಾಗ ಮಾತ್ರ ಜರ್ಕ್ ಬಂದು, ಅದೇ ಜಾಗಕ್ಕೆ ಎರಡನೇ ಸಲ ಬಂದಾಗ ಬರದಿದ್ದರೆ ಅದು ಶೇಡರ್. ಆಟ ತೆರೆದಾಗ ಶೇಡರ್ ತಯಾರಿಯ ಪಟ್ಟಿ ಬಂದರೆ ಪೂರ್ತಿ ಮುಗಿಯುವವರೆಗೆ ಕಾಯಬೇಕು. ಡ್ರೈವರ್ ಅಪ್‌ಡೇಟ್ ಆದರೆ ಈ ಸಂಗ್ರಹ ಅಳಿಸಿ ಮತ್ತೆ ಮೊದಲಿನಿಂದ ಸುರುವಾಗುತ್ತದೆ, ಅದಕ್ಕೇ ಸೆಂಟರಿನ ಸಿಸ್ಟಮ್‌ಗಳಲ್ಲಿ ಡ್ರೈವರ್ ತಾನಾಗಿ ಅಪ್‌ಡೇಟ್ ಆಗದಂತೆ ಇಡಿ. ತಾಸಿಗೆ ರೊಕ್ಕ ಕೊಟ್ಟು ಕೂತವರ ಹದಿನೈದು ನಿಮಿಷ ಆ ಪಟ್ಟಿ ನೋಡುವುದರಲ್ಲೇ ಹೋಗಬಾರದು.

ಶಹಾಬಾದ್_ಫರಸಿ

ಹಳೇವೆಲ್ಲಾ ಬಂಗಾರ ಅನ್ನೋದು ನಾ ಒಪ್ಪಲ್ರಿ. 1982ರ ಡಿಸೆಂಬರ್‌ದಾಗ ಅಟಾರಿ ಇ.ಟಿ. ಅಂತ ಒಂದು ಗೇಮ್ ತಂತು, ಐದಾರು ವಾರದಾಗ ಮಾಡಿ ಮುಗಿಸಿದ್ದು. ಮಾರಾಟ ಆಗದ ಕ್ಯಾಸೆಟ್‌ಗಳನ್ನ 1983ರಾಗ ನ್ಯೂ ಮೆಕ್ಸಿಕೋದ ಆಲಮಗೋರ್ಡೊ ಊರಿನ ಕಸದ ಗುಂಡಿಗೆ ಹಾಕಿ ಮುಚ್ಚಿದ್ರು, 2014ರಾಗ ಅಗದು ಹೊರಗ ತೆಗದ್ರು. 2003ರ ಬಿಗ್ ರಿಗ್ಸ್ ಲಾರಿ ರೇಸ್ ತಗೋರಿ: ಎದುರಾಳಿ ಲಾರಿ ಸುರುವಿನ ಗೆರಿ ಬಿಟ್ಟು ಅಲ್ಲಾಡಂಗಿಲ್ಲ, ನಮ್ಮ ಲಾರಿ ಕಟ್ಟಡದ ಒಳಗಿಂದ ಹಾದು ಹೋಗ್ತದ, ರಿವರ್ಸ್ ಗೇರಿಗೆ ವೇಗದ ಮಿತಿನೇ ಇಲ್ಲ. ಇಂಥವು ಆಗ ರಗಡ ಬಂದ್ವು. ಇಪ್ಪತ್ತು ವರ್ಷ ಜರಡಿ ಹಿಡದ ಮ್ಯಾಲ ಉಳದವನ್ನ ಅಷ್ಟೇ ನಾವು ಇವತ್ತು ‘ಹಳೇ ಗೇಮ್’ ಅಂತ ಕರೀತೀವಿ. ಹೋಲಿಸೋದಾದ್ರ ಆಗಿನ ಒಂದು ವರ್ಷದ ಎಲ್ಲಾ ಗೇಮಿಗೂ ಈಗಿನ ಒಂದು ವರ್ಷದ ಎಲ್ಲಾ ಗೇಮಿಗೂ ಹೋಲಿಸ್ರಿ.

ಮತ್ತ ಆಗಿನ ಗೇಮ್ ಕಠಿಣ ಇದ್ವು, ಅದಕ್ಕೇ ಛಲೋ ಅಂತಾರ. ಕಾಂಟ್ರಾದಾಗ ಮೂರು ಜೀವ, ಕೋಡ್ ಹೊಡದ್ರ ಮೂವತ್ತು. ದಾರಿ ಗೊತ್ತಿದ್ದವರಿಗೆ ಅರ್ಧ ತಾಸಿನಾಗ ಪೂರಾ ಮುಗೀತದ. ಅಷ್ಟು ಸಣ್ಣ ಗೇಮ್ ತಿಂಗಳಾನುಗಟ್ಟಲೆ ಬಾಳಿಕಿ ಬರಬೇಕಂದ್ರ ಮ್ಯಾಲಿಂದ ಮ್ಯಾಲ ಸಾಯಿಸ್ಲೇಬೇಕು. ಆರ್ಕೇಡ್ ಯಂತ್ರದಾಗಂತೂ ಬೇಗ ಸತ್ರನ ಇನ್ನೊಂದು ನಾಣ್ಯ ಬೀಳೋದು. ರೊಕ್ಕದ ಲೆಕ್ಕ ಈಗಷ್ಟೇ ಬಂದದ್ದಲ್ಲ.

ನಮ್ಮ ಕಡಿ ದೊಡ್ಡ ಮಾತು ಅಂದ್ರ ಸೇವ್. 2000ದ ಪ್ರಾಜೆಕ್ಟ್ ಐಜಿಐದಾಗ 14 ಮಿಷನ್, ಮಿಷನ್ ನಡುವ ಸೇವ್ ಇಲ್ಲ. ಕಡೀ ಕಾವಲು ಗೋಪುರದ ಹಂತ್ಯಾಕ ಬಂದಾಗ ಕರೆಂಟ್ ಹೋತಂದ್ರ ಮತ್ತ ಮೊದಲಿಂದ ಬೇಲಿ ದಾಟಬೇಕು. ವೈಸ್ ಸಿಟಿದಾಗ ಮನಿಗೆ ಹೋಗಿ ಕ್ಯಾಸೆಟ್ ಗುರುತಿನ ಮ್ಯಾಲ ನಿಂತ್ರಷ್ಟೇ ಸೇವ್. ಈಗಿನವು ತಾವೇ ಆಗಾಗ ಸೇವ್ ಮಾಡ್ಕೋತಾವ. ಕೀ ಬದಲಿ ಮಾಡ್ಕೋಬಹುದು, ಸಬ್‌ಟೈಟಲ್ ಅಕ್ಷರ ದೊಡ್ಡವು ಮಾಡ್ಕೋಬಹುದು, ಬಣ್ಣ ಸರಿಯಾಗಿ ಕಾಣದವರಿಗೂ ಬ್ಯಾರೆ ಮೋಡ್ ಇರ್ತದ. ಇವನ್ನ ಗುಣಮಟ್ಟ ಅನ್ನಲಿಲ್ಲಂದ್ರ ಮತ್ತ ಯಾವುದಕ್ಕ ಅನ್ನೋದು?

ತೊಗರಿ_ಕಣಜ, ಕಲಬುರಗಿ

ಮೂವರಿಗೂ ಭಾಳ ಉಪಕಾರ್‍ರಿ. ಹಂಗಾದ್ರ ಎರಡೂ ನಮೂನಿ ಹಾಕೋದು ಅಂತ ಆತು. ಈಗ ಹಳೇವನ್ನ ವಿಂಡೋಸ್ 11ದಾಗ ಹ್ಯಾಂಗ ಓಡಿಸ್ಬೇಕು? ಮೂಲ ಡಿಸ್ಕ್‌ಗಳು ಒಂದಷ್ಟು ಅವ, ಹಾಕಿದ್ರ ಸುರುನೇ ಆಗವಲ್ವು. ಮತ್ತ ಎಂಟೂ ಸಿಸ್ಟಮ್ ಒಂದೇ ಸಲ ಓಡಿದ್ರ ಶೆಕಿ, ಕರೆಂಟ್ ಲೆಕ್ಕ ಹ್ಯಾಂಗ?

ಸುರಪುರ_ಬೆಟ್ಟ, ಯಾದಗಿರಿ

ಡಿಸ್ಕ್ ಸುರುವಾಗದೆ ಇರುವುದಕ್ಕೆ ಹೆಚ್ಚಾಗಿ ಕಾರಣ ಸೇಫ್‌ಡಿಸ್ಕ್ ಅನ್ನುವ ಹಳೆಯ ಕಾಪಿ ರಕ್ಷಣೆ. ಅದರ ಡ್ರೈವರ್‌ಗೆ ವಿಂಡೋಸ್ 10, 11ರಲ್ಲಿ ಅವಕಾಶವೇ ಇಲ್ಲ. ಹಳೆಯ ವಿಂಡೋಸ್‌ಗಳಲ್ಲೂ 2015ರ ಸೆಪ್ಟೆಂಬರ್‌ನ ಭದ್ರತಾ ಅಪ್‌ಡೇಟ್ ಅದನ್ನು ನಿಲ್ಲಿಸಿತು. ಡಿಸ್ಕ್ ಒರೆಸಿದರೂ, ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಉಪಯೋಗವಿಲ್ಲ. ಗೊತ್ತಿಲ್ಲದ ಸೈಟ್‌ನಿಂದ ಕ್ರ್ಯಾಕ್ ಫೈಲ್ ತಂದು ಹಾಕುವ ಯೋಚನೆ ಬೇಡ. ಅದರಲ್ಲಿ ಕೀಲಾಗರ್ (ಒತ್ತಿದ ಕೀಗಳನ್ನೆಲ್ಲಾ ಕದ್ದು ಬರೆದುಕೊಳ್ಳುವ ಪ್ರೋಗ್ರಾಮ್) ಇದ್ದರೆ ಬಂದವರೆಲ್ಲರ ಪಾಸ್‌ವರ್ಡ್ ಹೋಗುತ್ತದೆ. ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಇಂಥ ರಕ್ಷಣೆ ಇಲ್ಲದ ಆವೃತ್ತಿಗಳು ಸಿಗುತ್ತವೆ, ಮೊದಲು ಅಲ್ಲಿ ಹುಡುಕಿ. ಇನ್ನೊಂದು ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಮಾಮೂಲಿ ಖಾತೆ ವೈಯಕ್ತಿಕ ಬಳಕೆಗೆ ಮಾತ್ರ. ಸೆಂಟರ್‌ಗಳಿಗೆ ಸ್ಟೀಮ್ ಪಿಸಿ ಕೆಫೆ ಪ್ರೋಗ್ರಾಮ್ ಅಂತ ಬೇರೆ ಇದೆ, ಅದರಲ್ಲಿ ನೋಂದಾಯಿಸಿ. ಬೇರೆ ಅಂಗಡಿಯಿಂದ ಕೊಂಡರೂ ಸೆಂಟರಿನಲ್ಲಿ ಆಡಿಸಲು ಅನುಮತಿ ಇದೆಯೇ ಅಂತ ಷರತ್ತು ಓದಿಕೊಳ್ಳಿ.

ಮೋಸ್ಟ್ ವಾಂಟೆಡ್ ವಿಷಯದಲ್ಲಿ ಹುಷಾರಾಗಿರಿ. ಜನ ಕೇಳುವುದು 2005ರದ್ದು, ಅದು ಸ್ಟೀಮ್‌ನಲ್ಲಿ ಸಿಗುವುದಿಲ್ಲ. ಅಲ್ಲಿ ಕಾಣುವುದು 2012ರಲ್ಲಿ ಅದೇ ಹೆಸರಿನಿಂದ ಬಂದ ಬೇರೆಯೇ ಆಟ. ವೈಸ್ ಸಿಟಿಯೂ ಈಗ 2021ರ ಡೆಫಿನಿಟಿವ್ ಎಡಿಷನ್ ಆಗಿ ಸಿಗುತ್ತದೆ. ಅದು ಬಂದಾಗ ದೋಷಗಳ ರಾಶಿಯೇ ಇತ್ತು, 2024ರ ನವೆಂಬರ್ ಅಪ್‌ಡೇಟ್‌ನಲ್ಲಿ ಬೆಳಕು, ಬಣ್ಣ ಹಳೆಯ ಆಟದ ಹತ್ತಿರಕ್ಕೆ ಬಂತು. ಮೂಲ ಆವೃತ್ತಿ ನಿಮ್ಮ ಹತ್ತಿರ ಇದ್ದರೆ ಪ್ರೋಗ್ರಾಮ್ ಫೈಲ್ಸ್ ಒಳಗೆ ಹಾಕಬೇಡಿ. ಅಲ್ಲಿ ಬರೆಯಲು ವಿಂಡೋಸ್ ಅನುಮತಿ ಕೊಡುವುದಿಲ್ಲವಾದ್ದರಿಂದ ಸೆಟ್ಟಿಂಗ್, ಮಾಡ್ ಎಲ್ಲಾ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಸಿ ಡ್ರೈವ್‌ನಲ್ಲಿ ಗೇಮ್ಸ್ ಅಂತ ಫೋಲ್ಡರ್ ಮಾಡಿ ಅಲ್ಲಿ ಹಾಕಿ, ಮೇಲೆ ಸೈಲೆಂಟ್‌ಪ್ಯಾಚ್ ಮತ್ತು ವೈಡ್‌ಸ್ಕ್ರೀನ್ ಫಿಕ್ಸ್ ಅನ್ನುವ ಅಭಿಮಾನಿಗಳ ತಿದ್ದುಪಡಿಗಳನ್ನು ಹಾಕಿ. ಫ್ರೇಮ್ ಲಿಮಿಟರ್ ಆನ್ ಇರಲಿ. ಆ ಕಾಲದ ಆಟಗಳಲ್ಲಿ ಲೆಕ್ಕಾಚಾರ ಫ್ರೇಮ್‌ಗೆ ಕಟ್ಟುಬಿದ್ದಿರುತ್ತದೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಲಿಮಿಟರ್ ತೆಗೆದರೆ ಆಟದ ನಾಯಕ ಸಿಜೆ ನೀರಲ್ಲಿ ಮುಂದಕ್ಕೇ ಹೋಗದ ಹಾಗೆ ನಿಧಾನ ಈಜುತ್ತಾನೆ. 2011ರ ಸ್ಕೈರಿಮ್‌ನಲ್ಲೂ ಸೆಕೆಂಡಿಗೆ 60 ಫ್ರೇಮ್ ದಾಟಿದರೆ ಮೇಜಿನ ಮೇಲಿನ ಪಾತ್ರೆಗಳು ತಾವೇ ಹಾರುತ್ತವೆ.

ಇನ್ನೂ ಹಳೆಯವು ಡೈರೆಕ್ಟ್‌ಪ್ಲೇ (ವಿಂಡೋಸ್‌ನ ಹಳೆಯ ಒಂದು ಭಾಗ) ಕೇಳಿದರೆ ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್, ಅದರೊಳಗೆ ಲೆಗಸಿ ಕಾಂಪೊನೆಂಟ್ಸ್‌ನಲ್ಲಿ ಟಿಕ್ ಮಾಡಿ. ಬಣ್ಣ ಕೆಟ್ಟು ಬಂದರೆ ಅಥವಾ ಕಪ್ಪು ಪರದೆ ಬಂದರೆ ಡಿಜಿವೂಡೂ 2 ಬಳಸಿ, ಅದು ಹಳೆಯ ಡೈರೆಕ್ಟ್‌ಎಕ್ಸ್ ಕರೆಗಳನ್ನು ಹೊಸ ಕಾರ್ಡಿಗೆ ತಿಳಿಯುವಂತೆ ಬದಲಿಸುತ್ತದೆ. ಏಜ್ ಆಫ್ ಎಂಪೈರ್ಸ್ 2ಕ್ಕೆ ಈ ಸರ್ಕಸ್ ಬೇಡ, ಡೆಫಿನಿಟಿವ್ ಎಡಿಷನ್ ಕೊಳ್ಳಿ.

1.6ಕ್ಕೆ ಒಂದು ಸಿಸ್ಟಮ್‌ನಲ್ಲಿ ನ್ಯೂ ಗೇಮ್ ಒತ್ತಿ ಮ್ಯಾಪ್ ಆರಿಸಿ ಸರ್ವರ್ ಮಾಡಿ, ಉಳಿದವರು ಸರ್ವರ್ ಪಟ್ಟಿಯ ಲ್ಯಾನ್ ಟ್ಯಾಬ್‌ನಲ್ಲಿ ನೋಡಲಿ. ಕಾಣದಿದ್ದರೆ ಮೊದಲು ನೋಡಬೇಕಾದ್ದು, ವಿಂಡೋಸ್ ಆ ನೆಟ್‌ವರ್ಕ್ ಅನ್ನು ಪಬ್ಲಿಕ್ ಅಂತ ಗುರುತಿಸಿದೆಯೇ ಅನ್ನುವುದು. ಪ್ರೈವೇಟ್ ಮಾಡಿ, ಫೈರ್‌ವಾಲ್‌ನಲ್ಲಿ ಯುಡಿಪಿ 27015 ಬಿಡಿ. 1.6ರಲ್ಲಿ ಬಾಟ್ (ಕಂಪ್ಯೂಟರೇ ಆಡಿಸುವ ಆಟಗಾರ) ಇರುವುದಿಲ್ಲ. ಒಬ್ಬೊಬ್ಬರೇ ಬರುವ ಹೊತ್ತಿಗೆ 2004ರ ಕಂಡೀಷನ್ ಜೀರೋ ಇಟ್ಟುಕೊಳ್ಳಿ, ಅದರಲ್ಲಿ ಇದೆ.

ಫ್ರೇಮ್_ಲೆಕ್ಕ, ಕಲಬುರಗಿ

ಶೆಕೆಯ ಲೆಕ್ಕ ನಾನು ಹಾಕ್ತೀನಿ. 1650 ಕಾರ್ಡ್ 75 ವ್ಯಾಟ್, ಪ್ರೊಸೆಸರ್ 65 ವ್ಯಾಟ್ ದರ್ಜೆಯದು. ಹೊಸ ಆಟದಲ್ಲಿ ಒಂದು ಸಿಸ್ಟಮ್ ಸುಮಾರು 170 ವ್ಯಾಟ್, ಮಾನಿಟರ್ 25 ಅಂತ ಹಿಡಿದರೆ ಎಂಟಕ್ಕೆ ಒಂದೂವರೆ ಕಿಲೋವ್ಯಾಟ್ ಮೇಲೆ. ಕೂತ ಒಬ್ಬೊಬ್ಬರ ಮೈಯಿಂದ 100 ವ್ಯಾಟ್ ಬಿಸಿ. ಒಟ್ಟು ಹತ್ತಿರ ಹತ್ತಿರ 2.4 ಕಿಲೋವ್ಯಾಟ್. ಒಂದೂವರೆ ಟನ್ ಎಸಿ 5.2 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕುತ್ತದೆ. ಕಾಗದದ ಮೇಲೆ ಧಾರಾಳ ಅನಿಸಿದರೂ, ಮೇ ತಿಂಗಳ 43 ಡಿಗ್ರಿಯಲ್ಲಿ ಕಾದ ಆರ್‌ಸಿಸಿ ಸ್ಲ್ಯಾಬ್ ಉಳಿದದ್ದನ್ನೆಲ್ಲಾ ನುಂಗುತ್ತದೆ. ಮೇಲಿನ ಮಹಡಿ ಆಗಿದ್ದರೆ ಸ್ಲ್ಯಾಬ್‌ಗೆ ಬಿಳಿ ಕೂಲ್ ಪೇಂಟ್ ಹೊಡೆಸಿ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಮ್ಯಾಕ್ಸ್ ಫ್ರೇಮ್ ರೇಟ್ 60ಕ್ಕೆ ಇಡಿ. ಈ ಮಿತಿ ಇದ್ದರೆ 1.6, ಏಜ್ ಆಫ್ ಎಂಪೈರ್ಸ್‌ನಂಥವು ಕಾರ್ಡನ್ನು ಅರ್ಧವೂ ದುಡಿಸುವುದಿಲ್ಲ. ಯುಪಿಎಸ್ ಸಿಸ್ಟಮ್‌ಗೆ ಒಂದರಂತೆ 600 ವಿಎ, ಅಂದರೆ ಸುಮಾರು 360 ವ್ಯಾಟ್‌ನದು ಸಾಕು. ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಸ್ವಿಚ್, ರೌಟರ್‌ಗೂ ಒಂದು ಪ್ರತ್ಯೇಕ ಯುಪಿಎಸ್ ಇಡಿ.

ಡೌನ್‌ಲೋಡ್ ಎಂಟು ಕಡೆ ಮಾಡಬೇಡಿ. 100 ಜಿಬಿ ಆಟ 40 ಎಂಬಿಪಿಎಸ್‌ನಲ್ಲಿ ಐದೂವರೆ ತಾಸು ಹಿಡಿಯುತ್ತದೆ. ಒಂದರಲ್ಲಿ ಇಳಿಸಿ, ಸ್ಟೀಮ್‌ನ ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಆನ್ ಮಾಡಿದರೆ ಉಳಿದವು ಅಲ್ಲಿಂದಲೇ ಎಳೆದುಕೊಳ್ಳುತ್ತವೆ. ಸ್ವಿಚ್ ಗಿಗಾಬಿಟ್ ಇದ್ದರೆ ಅರ್ಧ ತಾಸಿನೊಳಗೆ ಒಂದು ಸಿಸ್ಟಮ್ ಮುಗಿಯುತ್ತದೆ, 10/100 ಸ್ವಿಚ್ ಆದರೆ ಎರಡು ತಾಸಿನ ಮೇಲೆ. ಗಿಗಾಬಿಟ್ ಸ್ವಿಚ್ ಇದ್ದೂ ವೇಗ ಬರದಿದ್ದರೆ ಕೇಬಲ್ ತುದಿ ನೋಡಿ. ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರೆ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ, ಗಿಗಾಬಿಟ್‌ಗೆ ಎಂಟೂ ತಂತಿ ಬೇಕು.

ಇನ್ನು ಜಾಗ. 500 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 465 ಅಂತ ತೋರಿಸುತ್ತದೆ. ವಿಂಡೋಸ್‌ಗೆ, ಖಾಲಿ ಬಿಡಬೇಕಾದ ಜಾಗಕ್ಕೆ ಕಳೆದರೆ ಆಟಕ್ಕೆ 330 ಉಳಿಯುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2, ಬಾಲ್ಡರ್ಸ್ ಗೇಟ್ 3 ಒಂದೊಂದಕ್ಕೂ 150 ಜಿಬಿ ಬೇಕು. ಎರಡೂ ಹಾಕಿದರೆ ಬೇರೆಯದಕ್ಕೆ ಜಾಗವೇ ಇಲ್ಲ. ಎಂಟರಲ್ಲೂ ಕೌಂಟರ್ ಸ್ಟ್ರೈಕ್ 1.6, ಕಂಡೀಷನ್ ಜೀರೋ, ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್, ಲೆಫ್ಟ್ 4 ಡೆಡ್ 2, ಸ್ಟಾರ್‌ಡ್ಯೂ ವ್ಯಾಲಿ ಇರಲಿ. 2024ರ 1.6 ಅಪ್‌ಡೇಟ್ ಆದ ಮೇಲೆ ಸ್ಟಾರ್‌ಡ್ಯೂವನ್ನು ಪಿಸಿಯಲ್ಲಿ ಎಂಟು ಜನ ಒಟ್ಟಿಗೆ ಆಡಬಹುದು. ಜೋಡಿ ಬಂದವರಿಗೆ ಇಟ್ ಟೇಕ್ಸ್ ಟು, ಒಂದೇ ಪರದೆ ಎರಡು ಕಂಟ್ರೋಲರ್, 50 ಜಿಬಿ. ರೆಡ್ ಡೆಡ್ ಎರಡೇ ಸಿಸ್ಟಮ್‌ಗೆ ಹಾಕಿ. ಅದ್ಭುತ ಆಟ ನಿಜ, ಆದರೆ ಮೊದಲ ಎರಡು ತಾಸು ಹಿಮದ ಅಧ್ಯಾಯದಲ್ಲೇ ಹೋಗುತ್ತದೆ. ತಾಸಿನ ಲೆಕ್ಕದಲ್ಲಿ ಬಂದವರಿಗೆ ಅದನ್ನು ಮೊದಲೇ ಹೇಳಿ, ಮತ್ತೆ ಬಂದಾಗ ಅಲ್ಲಿಂದಲೇ ಮುಂದುವರಿಸಲು ಅವರವರ ಸೇವ್ ಫೈಲ್ ಹೆಸರು ಬರೆದು ಬೇರೆ ಫೋಲ್ಡರ್‌ನಲ್ಲಿ ತೆಗೆದಿಡಿ.